ಬಂಡೆಯೋ, ಎರಿಯೋ, ಗಣಿಗುಡ್ಡವೋ: ಓವರ್‌ಲ್ಯಾಂಡ್ ಕೂಟಕ್ಕೆ ಹೊರಟವರು ಟೆಂಟ್ ಆರಿಸುವ ಬಗೆ

ಓವರ್‌ಲ್ಯಾಂಡ್ ಕೂಟಕ್ಕೆ, ಅಂದರೆ ಗಾಡಿಯಲ್ಲಿ ಊರೂರು ಸುತ್ತಿ ಬಯಲಲ್ಲೇ ತಂಗುವವರ ಕೂಟಕ್ಕೆ, ಹೊರಡುವವರ ನಡುವೆ ಮೊದಲು ಏಳುವ ವಾದ ಒಂದೇ. ರೂಫ್‌ಟಾಪ್ ಟೆಂಟ್ (ಗಾಡಿಯ ಛಾವಣಿಯ ಮೇಲೆ ಬಿಚ್ಚುವಂಥದ್ದು) ಒಳ್ಳೆಯದೋ, ನೆಲದ ಟೆಂಟ್ ಸಾಕೋ, ಸೀಟು ಮಡಚಿ ಗಾಡಿಯೊಳಗೇ ಮಲಗಿದರೆ ಆಗುತ್ತದೋ? ಕೊಪ್ಪಳ, ಬಳ್ಳಾರಿ, ರಾಯಚೂರು ಸೀಮೆಗೆ ಬರುವವರು ಈ ವಾದವನ್ನು ಅರ್ಧಕ್ಕೆ ನಿಲ್ಲಿಸಿ, ಕೂಟ ಕರೆದವರಿಗೆ ಒಂದು ಫೋನ್ ಮಾಡಬೇಕು: ಜಾಗದ ನೆಲ ಎಂಥದ್ದು? ಬಂಡೆಯೋ, ಮಸಾರಿಯೋ (ಕೆಂಪು ಮಣ್ಣು), ಎರಿಯೋ (ಕಪ್ಪು ಮಣ್ಣು) ಎಂಬ ಉತ್ತರ ಸಿಕ್ಕಿತೆಂದರೆ ಟೆಂಟಿನ ಪ್ರಶ್ನೆ ಮುಕ್ಕಾಲು ಪಾಲು ಬಗೆಹರಿದಂತೆ. ಮಲೆನಾಡಿನ ಕ್ಯಾಂಪಿಗೆ ಕೊಂಡ ಸಾಮಾನನ್ನು ಹಾಗೇ ಹೇರಿಕೊಂಡು ಬಂದವರು ಇಲ್ಲಿ ಮೊದಲ ರಾತ್ರಿಯೇ ಪೇಚಾಡುತ್ತಾರೆ.

ಮೊದಲು ನೆಲ

ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರದ ಕಡೆ ಎಲ್ಲಿ ನೋಡಿದರೂ ಗ್ರಾನೈಟ್ ಗುಂಡುಗಳು, ನಡುನಡುವೆ ಹಾಸುಬಂಡೆ, ತಗ್ಗಿನಲ್ಲಿ ಭತ್ತದ ಗದ್ದೆ. ಬಂಡೆಗೆ ಗೂಟ ಇಳಿಯುವುದಿಲ್ಲ, ಅದು ಎಲ್ಲರಿಗೂ ಹೊಳೆಯುತ್ತದೆ. ಹೊಳೆಯದ ಸಂಗತಿ ಇನ್ನೊಂದಿದೆ. ಹಗಲೆಲ್ಲ ಬಿಸಿಲು ಕುಡಿದ ಬಂಡೆ ಅದನ್ನು ನಡುರಾತ್ರಿಯವರೆಗೂ ಬಿಡುತ್ತಲೇ ಇರುತ್ತದೆ. ಡಿಸೆಂಬರಿನಲ್ಲಿ ಇದು ಹಿತ. ಫೆಬ್ರವರಿ ಕೊನೆಗೆ ಬಂದರೆ ನೆಲದ ಟೆಂಟಿನವರಿಗೆ ಕಾದ ಹಂಚಿನ ಮೇಲೆ ಮಲಗಿದಂತೆ. ಆಗ ಬಂಡೆ ಬಿಟ್ಟು ಪಕ್ಕದ ಮಣ್ಣಿನ ಜಾಗ ಹಿಡಿಯಬೇಕು. ಗದ್ದೆಗೆ ತೀರ ಹತ್ತಿರವೂ ಹೋಗಬೇಡಿ, ಸೊಳ್ಳೆ ನಿದ್ದೆ ಕೊಡುವುದಿಲ್ಲ. ನವೆಂಬರ್, ಡಿಸೆಂಬರ್ ಭತ್ತದ ಕೊಯ್ಲಿನ ಕಾಲ. ಕೊಯ್ಲು ಮುಗಿದ ಗದ್ದೆಗೆ ಬೆಂಕಿ ಇಟ್ಟರೆ ಸಂಜೆಯ ಗಾಳಿಗೆ ಹೊಗೆಯೆಲ್ಲ ಕ್ಯಾಂಪಿಗೇ ಬರುತ್ತದೆ.

ನದಿ ದಂಡೆಯ ಆಸೆಯನ್ನು ಇಲ್ಲಿ ಬಿಟ್ಟುಬಿಡಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಣೆಕಟ್ಟೆಯ 33 ಗೇಟುಗಳಲ್ಲಿ ಕೆಲವನ್ನು ಎತ್ತಿದರೂ ಕೆಳಗಿನ ಬಂಡೆಗಳು ಮುಳುಗುತ್ತವೆ. ಬಂಡೆಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಟವೂ ಉಂಟು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ದಂಡೆಯಲ್ಲಿ ರಾತ್ರಿ ಕೂತಿದ್ದ ಪ್ರವಾಸಿಗರ ಮೇಲೆ ದಾಳಿ ನಡೆದು ಒಬ್ಬರು ಪ್ರಾಣ ಕಳೆದುಕೊಂಡರು. ಒಂಟಿ ಗಾಡಿ ನಿಲ್ಲಿಸಿಕೊಂಡು ಕಾಲುವೆ ಪಕ್ಕ ಮಲಗುವುದನ್ನು ಆಯ್ಕೆಯ ಪಟ್ಟಿಯಿಂದಲೇ ತೆಗೆದುಹಾಕಿ. ಖಾಸಗಿ ಜಮೀನು, ಮಾಲೀಕರ ಒಪ್ಪಿಗೆ, ಹತ್ತಿರದ ಠಾಣೆಗೆ ಒಂದು ಮಾಹಿತಿ, ಈ ಮೂರೂ ಇರುವ ಕೂಟಕ್ಕೆ ಮಾತ್ರ ಹೋಗಿ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳದು ಬೇರೆಯೇ ಲೆಕ್ಕ. ಬಯಲಿಗಿಂತ ತಂಪು, ಮರದ ನೆರಳೂ ಇದೆ. ಆದರೆ ಅದಿರಿನ ಕೆಂಪು ಧೂಳು ಟೆಂಟಿನ ಜಿಪ್ಪಿನೊಳಗೆ ಹೊಕ್ಕಿತೆಂದರೆ ಎರಡನೇ ದಿನಕ್ಕೆ ಜಿಪ್ಪು ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಧೂಳು ತೆಗೆದು ಮೇಣದಬತ್ತಿ ಉಜ್ಜಿ; ಎಣ್ಣೆ ಹಾಕಬೇಡಿ, ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ. ಬಿಳಿ, ತಿಳಿಬೂದು ಬಣ್ಣದ ಟೆಂಟಿದ್ದರೆ ಆ ಕೆಂಪು ಕಾಯಂ ಎಂದೇ ತಿಳಿಯಿರಿ. ಅದಿರು ಲಾರಿ ಓಡಾಡುವ ರಸ್ತೆಯಿಂದ ದೂರ, ಗಾಳಿ ಬರುವ ದಿಕ್ಕಿನಲ್ಲಿ ಜಾಗ ಹಿಡಿಯಿರಿ. ಗುಡ್ಡದ ಬಹುಪಾಲು ಅರಣ್ಯ ಇಲಾಖೆಯದು, ಅನುಮತಿ ಇಲ್ಲದೆ ರಾತ್ರಿ ತಂಗುವ ಹಾಗಿಲ್ಲ.

ಇನ್ನು ಎರಿ ನೆಲ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಇತ್ತ ಯಲಬುರ್ಗಾ, ಕುಷ್ಟಗಿಯ ಹೊಲಗಳು. ಒಣಗಿದ್ದಾಗ ಇದರಷ್ಟು ವಿಶಾಲ, ಸಮತಟ್ಟಾದ ಕ್ಯಾಂಪ್ ಜಾಗ ಮತ್ತೊಂದಿಲ್ಲ. ಅರ್ಧ ತಾಸು ಜೋರು ಮಳೆಯಾದರೆ ಸಾಕು, ಇದರಷ್ಟು ಕೆಟ್ಟದ್ದೂ ಮತ್ತೊಂದಿಲ್ಲ. ಈ ಮಣ್ಣಿನ ಜೇಡಿ ನೀರು ಹೀರಿ ಉಬ್ಬುತ್ತದೆ, ಅಂಟುತ್ತದೆ. ಮೊದಲು ಟೈರಿನ ಹಲ್ಲುಗಳ ಸಂದಿ ತುಂಬಿ ಟೈರು ನುಣ್ಣಗಾಗುತ್ತದೆ. ಮುಂದಿನ ಹತ್ತಿಪ್ಪತ್ತು ಮೀಟರಿನಲ್ಲಿ ಮಣ್ಣು ಪದರ ಪದರವಾಗಿ ಸುತ್ತಿಕೊಂಡು ಟೈರು ದಪ್ಪಗಾಗುತ್ತದೆ. ಆಮೇಲೆ ಆ ಮಣ್ಣು ಮಡ್‌ಗಾರ್ಡಿನ ಒಳಮೈಗೆ ಮೆತ್ತಿ ಗಟ್ಟಿಯಾಗಿ, ಚಕ್ರ ತಿರುಗುವುದೇ ನಿಲ್ಲುತ್ತದೆ. ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಚಕ್ರ ನಿಲ್ಲುತ್ತವೆ, ಅಷ್ಟೇ ವ್ಯತ್ಯಾಸ. ಮರಳಿನಲ್ಲಿ ಕೆಲಸ ಮಾಡುವ, ಟೈರಿನ ಗಾಳಿ ಇಳಿಸುವ ಉಪಾಯ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ. ಕಬ್ಬಿಣದ ಪಟ್ಟಿಯಿಂದ ಮಣ್ಣು ಕೆರೆದು ತೆಗೆಯಬೇಕು, ಇಲ್ಲವೇ ಒಂದೆರಡು ದಿನ ಬಿಸಿಲಿಗೆ ಕಾಯಬೇಕು. "ಮಳಿ ಬಂತಂದ್ರ ಟ್ರ್ಯಾಕ್ಟರ್ ಬೇಕಾಗತೈತಿ ನೋಡ್ರಿ" ಎಂದು ಹೊಲದವರು ಹೇಳಿದರೆ ಅದನ್ನು ಹವಾಮಾನ ವರದಿಗಿಂತ ಹೆಚ್ಚು ನಂಬಿ.

ಎರಿ ಸೀಮೆಯಲ್ಲಿ ಜಾಗ ಆರಿಸುವಾಗ ಹೊಲದ ನಡುವೆ ಇಳಿಯದೆ ಗರಸು (ಹರಳುಗಲ್ಲಿನ ಗಟ್ಟಿ ಮಣ್ಣು) ಹಾಕಿದ ದಾರಿಯ ಅಂಚು ಹಿಡಿಯಿರಿ. ಎಲ್ಲಕ್ಕಿಂತ ಒಳ್ಳೆಯದು ಕಣ. ರಾಶಿ ಮಾಡಲೆಂದು ಬಡಿದು ಗಟ್ಟಿ ಮಾಡಿದ ನೆಲ, ಸಮತಟ್ಟು, ಹುಲ್ಲಿಲ್ಲ, ಸಾಮಾನ್ಯವಾಗಿ ದಾರಿಗೆ ಹತ್ತಿರ. ರಾಶಿ ಮುಗಿದಿದ್ದರೆ ರೈತರು ಬೇಡ ಎನ್ನುವುದು ಅಪರೂಪ, ಕೇಳುವ ರೀತಿಯಲ್ಲಿ ಕೇಳಬೇಕು ಅಷ್ಟೆ. ಗಾಡಿಯ ಮೂತಿ ದಾರಿಯ ಕಡೆಗಿರಲಿ. ರಾತ್ರಿ ಮೋಡ ಕಂಡರೆ ನಿದ್ದೆಗಿಂತ ಗಾಡಿ ಮುಖ್ಯ, ಮೊದಲ ಹನಿ ಬೀಳುವ ಮುಂಚೆ ಡಾಂಬರಿಗೆ ಹೋಗಿ ನಿಲ್ಲಿ.

ರೂಫ್‌ಟಾಪ್ ಟೆಂಟ್

ಹಾಸುಬಂಡೆಯ ಜಾಗಕ್ಕೆ ಇದೇ ಸರಿ. ಗೂಟದ ಹಂಗಿಲ್ಲ, ಚೇಳು, ಹಾವಿನ ಅಂಜಿಕೆ ಕಡಿಮೆ, ನೆಲದ ಕಾವೂ ಅಷ್ಟಾಗಿ ತಾಗುವುದಿಲ್ಲ. ಆದರೆ ಬೆಲೆ ಲಕ್ಷ ರೂಪಾಯಿಯ ಆಸುಪಾಸು, ಜೊತೆಗೆ ತೂಕದ ಲೆಕ್ಕ. ಇಬ್ಬರ ಟೆಂಟು 50ರಿಂದ 70 ಕಿಲೊ ತೂಗುತ್ತದೆ. ಗಾಡಿ ಓಡುವಾಗ ಛಾವಣಿ ಹೊರಬಹುದಾದ ಭಾರ ಎಷ್ಟೆಂದು ಗಾಡಿಯ ಕೈಪಿಡಿಯಲ್ಲಿರುತ್ತದೆ. ಅನೇಕ ಗಾಡಿಗಳಲ್ಲಿ ಅದು 50ರಿಂದ 75 ಕಿಲೊ ಮಾತ್ರ. ಬಹಳ ಮಂದಿ ಮರೆಯುವುದು ಟೆಂಟು ಕೂರಿಸುವ ರ‍್ಯಾಕಿನ ತೂಕ. ಕಬ್ಬಿಣದ ರ‍್ಯಾಕೇ 20-30 ಕಿಲೊ ಇದ್ದರೆ ಟೆಂಟಿಗೆ ಉಳಿಯುವುದೆಷ್ಟು? ನಿಂತ ಗಾಡಿಯ ಮೇಲೆ ಇಬ್ಬರು ಮಲಗಿದರೆ ಏನೂ ಆಗುವುದಿಲ್ಲ, ಏಕೆಂದರೆ ನಿಂತಾಗ ಛಾವಣಿ ಅದಕ್ಕಿಂತ ಬಹಳ ಹೆಚ್ಚು ಹೊರುತ್ತದೆ. ಕಷ್ಟ ಬರುವುದು ಸಂಡೂರಿನ ತಿರುವುಗಳಲ್ಲಿ ಆ ಭಾರ ಗಾಡಿಯನ್ನು ಹೊರಗೆ ಎಳೆಯುವಾಗ, ಗುಂಡಿಬಿದ್ದ ರಸ್ತೆಯಲ್ಲಿ ರ‍್ಯಾಕಿನ ಬೋಲ್ಟು ಸಡಿಲವಾದಾಗ. ಪ್ರತಿ 200 ಕಿ.ಮೀ.ಗೊಮ್ಮೆ ಸ್ಪ್ಯಾನರ್ ಹಿಡಿದು ನಾಲ್ಕೂ ಮೂಲೆ ನೋಡಿ. ಟೆಂಟು ಸೇರಿ ಗಾಡಿಯ ಎತ್ತರ ಎಷ್ಟಾಯಿತೆಂದು ಅಳೆದು, ಡ್ರೈವರಿಗೆ ಕಾಣುವಂತೆ ಗಾಜಿನ ಮೂಲೆಯಲ್ಲಿ ಬರೆದು ಅಂಟಿಸಿ. ರೈಲ್ವೆ ಕೆಳಸೇತುವೆಯ ಕಬ್ಬಿಣದ ಅಡ್ಡಪಟ್ಟಿಯೂ ಲಾಡ್ಜಿನ ನೆಲಮಾಳಿಗೆಯ ಪಾರ್ಕಿಂಗೂ ಅದನ್ನು ಕೇಳದೆ ಬಿಡುವುದಿಲ್ಲ.

ಎರಿ ನೆಲದಲ್ಲಿ ಇದರ ಏಣಿಯ ಮೇಲೆ ಕಣ್ಣಿಡಬೇಕು. ಮಡಚುವ ಮಾದರಿಯಲ್ಲಿ ಟೆಂಟಿನ ಅರ್ಧಭಾಗ ಗಾಡಿಯಿಂದ ಹೊರಚಾಚಿರುತ್ತದೆ, ಅದರ ಭಾರವೆಲ್ಲ ಏಣಿಯ ಮೇಲೆ. ಎರಿ ಮೇಲ್ನೋಟಕ್ಕೆ ಗಟ್ಟಿ ಕಂಡರೂ ಬಿರುಕುಗಳ ನಡುವೆ ಹುಡಿ. ಒಬ್ಬರು ಹತ್ತಿ ಇಳಿದರೆ ಏಣಿಯ ಒಂದು ಕಾಲು ಎರಡು ಬೆರಳು ಒಳಗೆ ಹೋಗುತ್ತದೆ, ಇನ್ನೊಂದು ಹಾಗೇ ನಿಲ್ಲುತ್ತದೆ. ಟೆಂಟಿನ ತಳ ತಿರುಚಿ, ಕೀಲು ಕಿರ್ರೆನ್ನುತ್ತದೆ. ಬೆಳಿಗ್ಗೆ ಮಡಚಲು ಹೋದರೆ ಕೂಡುವುದಿಲ್ಲ. ಒಂದಡಿ ಚೌಕದ ಎರಡು ಪ್ಲೈವುಡ್ ತುಂಡು ಏಣಿಯ ಕಾಲಿಗೆ ಇಟ್ಟರೆ ಈ ಕಥೆಯೇ ಇಲ್ಲ. ಬಂಡೆ ಜಾಗದಲ್ಲಿ ತೊಂದರೆ ಬೇರೆ: ಗಾಡಿ ಸಮನಾಗಿ ನಿಲ್ಲುವುದಿಲ್ಲ. ತಗ್ಗಿನ ಕಡೆಯ ಚಕ್ರಕ್ಕೆ ಚಪ್ಪಟೆ ಕಲ್ಲು ಕೊಟ್ಟು ಎತ್ತಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲೂ ಬಿಟ್ಟು, ಮಿಕ್ಕ ಚಕ್ರಗಳಿಗೆ ತಡೆಕಲ್ಲು ಇಡಿ. ಅಷ್ಟಾದರೂ ಉಳಿವ ಇಳಿಜಾರಿಗೆ ತಲೆ ಮೇಲ್ಕಡೆ ಮಾಡಿ ಮಲಗಿ.

ಕೂಟದ ಮಟ್ಟಿಗೆ ರೂಫ್‌ಟಾಪಿನ ದೊಡ್ಡ ಅನಾನುಕೂಲ ಬೇರೆಯೇ ಇದೆ. ಬೆಳಿಗ್ಗೆ ಎಲ್ಲರೂ ಗಾಡಿ ತೆಗೆದುಕೊಂಡು ಸುತ್ತಾಟಕ್ಕೆ ಹೊರಟರೆ ನೀವು ಮನೆಯನ್ನೇ ಮಡಚಬೇಕು, ಸಂಜೆ ಮತ್ತೆ ಬಿಚ್ಚಬೇಕು. ಅಷ್ಟರಲ್ಲಿ ನಿಮ್ಮ ಸಮತಟ್ಟು ಜಾಗದಲ್ಲಿ ಬೇರೆ ಗಾಡಿ ನಿಂತಿರುತ್ತದೆ. ದಿನವೂ ಗಾಡಿ ಓಡಿಸುವ ಕೂಟವಾದರೆ ನೆಲದ ಟೆಂಟೇ ಲೇಸು. ಮೇ ತಿಂಗಳ ಮಳೆಮುಂಚಿನ ಬಿರುಗಾಳಿಯಲ್ಲೂ, ಜೂನ್-ಜುಲೈನಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಪಡುವಣ ಗಾಳಿಯಲ್ಲೂ ಎತ್ತರದ ಟೆಂಟು ರಾತ್ರಿಯೆಲ್ಲ ಪಟಪಟಿಸುತ್ತದೆ. ಆ ಸೀಮೆಯಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ನೆಲದ ಟೆಂಟ್

ಕಡಿಮೆ ಖರ್ಚು, ಗಾಡಿ ಬಿಡುವು, ಜಾಗ ನಿಮ್ಮದೇ. ಮಸಾರಿ ನೆಲಕ್ಕೂ ಕಣಕ್ಕೂ ನಮ್ಮ ಮೊದಲ ಆಯ್ಕೆ ಇದೇ. ಆದರೆ ಟೆಂಟಿನ ಜೊತೆ ಬರುವ ತಂತಿ ಗೂಟಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಗರಸಿನಲ್ಲಿ ಅವು ಬಾಗುತ್ತವೆ, ಎರಿಯಲ್ಲಿ ಕೈಯಿಂದಲೇ ಕಿತ್ತು ಬರುತ್ತವೆ. ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ 8 ಅಥವಾ 10 ಮಿ.ಮೀ. ಕಬ್ಬಿಣದ ಸರಳನ್ನು ಒಂದಡಿ ಉದ್ದಕ್ಕೆ ಕತ್ತರಿಸಿ, ತುದಿ ಚೂಪು ಮಾಡಿಸಿ, ತಲೆ ಬಗ್ಗಿಸಿಕೊಳ್ಳಿ. ಒಂದು ಟೆಂಟಿಗೆ 12 ಬೇಕು, ಮೇಲೆರಡು ಇರಲಿ. ಗೂಟದ ತಲೆಗೆ ಕೆಂಪು ಬಟ್ಟೆ ಕಟ್ಟಿದರೆ ರಾತ್ರಿ ಕಾಲಿಗೆ ತಗಲುವುದು ತಪ್ಪುತ್ತದೆ. ಗರಸಿಗೆ ಬಡಿಯಲು ಒಂದೂವರೆ ಕಿಲೊ ಸುತ್ತಿಗೆ ಸಾಕು.

ಬಂಡೆಯ ಮೇಲೆ ನೆಲದ ಟೆಂಟೇ ಹಾಕಬೇಕಾಗಿ ಬಂದರೆ ಕಲ್ಲಿನ ಉಪಾಯ ಮಾಡಿ. ಹಗ್ಗದ ತುದಿಯನ್ನು ತೆಂಗಿನಕಾಯಿ ಗಾತ್ರದ ಕಲ್ಲಿಗೆ ಸುತ್ತಿ ಕಟ್ಟಿ. ಅದರ ಮುಂದೆ, ಅಂದರೆ ಟೆಂಟಿನ ಕಡೆಗೆ, ಹಗ್ಗದ ಮೇಲೆಯೇ 15-20 ಕಿಲೊ ತೂಗುವ ದೊಡ್ಡ ಕಲ್ಲು ಹೇರಿ. ಗಾಳಿ ಎಳೆದಾಗ ಸಣ್ಣ ಕಲ್ಲು ದೊಡ್ಡದಕ್ಕೆ ಬಂದು ಒತ್ತಿ ನಿಲ್ಲುತ್ತದೆ. ದೊಡ್ಡ ಕಲ್ಲಿಗೇ ನೇರ ಕಟ್ಟಿದರೆ ಗಂಟು ಸಡಿಲಿಸಿ ಬಿಗಿ ಮಾಡುವುದು ಪೀಕಲಾಟ. ಗ್ರಾನೈಟಿನ ಅಂಚು ಹಗ್ಗವನ್ನು ಗರಗಸದಂತೆ ತಿನ್ನುತ್ತದೆ. ಹಗ್ಗ ಕಲ್ಲಿಗೆ ಉಜ್ಜುವ ಕಡೆ ಹಳೆ ಟ್ಯೂಬಿನ ತುಂಡು ತೊಡಿಸಿ. ಕಲ್ಲು ಎತ್ತುವ ಮುನ್ನ ಕಾಲಿನಿಂದ ಅಲುಗಾಡಿಸಿ ನೋಡಿ, ಅಡಿಯಲ್ಲಿ ಚೇಳಿರುವ ಸಾಧ್ಯತೆ ಇದ್ದೇ ಇದೆ. ಬೂಟನ್ನು ಟೆಂಟಿನೊಳಗೇ ಇಟ್ಟು, ಹಾಕುವ ಮುಂಚೆ ಕೊಡವಿ. ಕೆಂಪು ಚೇಳು ಕಡಿದು ಬೆವರು, ವಾಂತಿ ಶುರುವಾದರೆ ಮನೆಮದ್ದಿಗೆ ಕೂರದೆ ತಾಲ್ಲೂಕು ಆಸ್ಪತ್ರೆಗೆ ಗಾಡಿ ತಿರುಗಿಸಿ.

ಟೆಂಟಿನಡಿ ಹಾಸುವ ತಾಡಪತ್ರಿ ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಬೇಕು. ದೊಡ್ಡದಿದ್ದರೆ ಮೇಲಿಂದ ಇಳಿದ ಮಳೆನೀರನ್ನು ಅದೇ ಹಿಡಿದು ನಿಮ್ಮ ಬೆನ್ನಡಿಗೆ ತರುತ್ತದೆ. ಹಾಸಿಗೆಗೆ ಗಾಳಿ ತುಂಬುವ ಮ್ಯಾಟ್ ಬೇಡ, ಮಡಚುವ ಫೋಮ್ ಹಾಸಿಗೆ ತನ್ನಿ. ಕಾರಣ ಬಳ್ಳಾರಿ ಜಾಲಿ. ಈ ಸೀಮೆಯ ಖಾಲಿ ಜಾಗವೆಲ್ಲ ಅದರದ್ದೇ, ಮುಳ್ಳು ತಾಡಪತ್ರಿ, ಟೆಂಟಿನ ತಳ ಎರಡನ್ನೂ ದಾಟಿ ಬರುತ್ತದೆ. ಟೆಂಟು ಬಿಚ್ಚುವ ಮುಂಚೆ ಒಂದು ಪೊರಕೆಯಿಂದ ಜಾಗ ಗುಡಿಸಿ.

ಗಾಡಿಯೊಳಗೆ, ಬೈಕಿನಲ್ಲಿ, ಕೋಣೆಯಲ್ಲಿ

ನವೆಂಬರಿನಿಂದ ಫೆಬ್ರವರಿ ನಡುಭಾಗದವರೆಗೆ ಗಾಡಿಯೊಳಗಿನ ನಿದ್ದೆ ಚೆನ್ನ. ಹಿಂದಿನ ಸೀಟು ಮಡಚಿ ಟೇಪು ಹಿಡಿದು ಅಳೆಯಿರಿ. ಐದೂವರೆ ಅಡಿ ಸಿಕ್ಕರೆ ಹೆಚ್ಚಿನವರಿಗೆ ಓರೆಯಾಗಿ ಮಲಗಲು ಸಾಕು. ಎದುರುಬದುರು ಎರಡು ಕಿಟಕಿ ಎರಡೆರಡು ಬೆರಳು ಇಳಿಸಿ, ಬಾಗಿಲಿಗೆ ತೊಡಿಸುವ ಸೊಳ್ಳೆಪರದೆ ಹಾಕಿ. ಎಲ್ಲ ಮುಚ್ಚಿ ಮಲಗಿದರೆ ಬೆಳಿಗ್ಗೆ ಗಾಜಿನಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ಮಾರ್ಚ್ ಬಂತೆಂದರೆ ಈ ಆಯ್ಕೆ ಮುಗಿಯಿತು, ಏಪ್ರಿಲ್-ಮೇನಲ್ಲಿ ರಾಯಚೂರಿನ ಹಗಲು 40 ಡಿಗ್ರಿ ದಾಟುತ್ತದೆ. ಆಗ ಕೆಲವರು ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಮಲಗುತ್ತಾರೆ. ಅದು ಖಂಡಿತ ಬೇಡ. ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲಿದ್ದವರಿಗೆ ತಿಳಿಯುವುದೂ ಇಲ್ಲ. ಅಷ್ಟೇ ಅಲ್ಲ, ಬಿಎಸ್-6 ಡೀಸೆಲ್ ಗಾಡಿಯ ಫಿಲ್ಟರ್ ತನ್ನೊಳಗಿನ ಮಸಿ ಸುಟ್ಟುಕೊಳ್ಳುವಾಗ 600 ಡಿಗ್ರಿಯವರೆಗೆ ಕಾಯುತ್ತದೆ. ಒಣ ಹುಲ್ಲು, ಜೋಳದ ಕೂಳೆಯ ಮೇಲೆ ಗಾಡಿ ನಿಲ್ಲಿಸಿದರೆ ಅಡಿಯಿಂದಲೇ ಬೆಂಕಿ ಏಳಬಹುದು. ಎಲ್ಲೇ ನಿಲ್ಲಿಸಿದರೂ ಅಡಿಯ ಹುಲ್ಲು ಕಿತ್ತು ನಿಲ್ಲಿಸಿ.

ಬೈಕಿನವರಿಗೆ ಆಯ್ಕೆ ಕಡಿಮೆ: ಎರಡು-ಎರಡೂವರೆ ಕಿಲೊದ ಟೆಂಟು, ತಾನೇ ನಿಲ್ಲುವ ಮಾದರಿ. ಗೂಟ ಹೊಡೆದರಷ್ಟೇ ನಿಲ್ಲುವ ಟೆಂಟು ಆನೆಗೊಂದಿಯಲ್ಲಿ ಬರೀ ಬಟ್ಟೆ. ಸಣ್ಣ ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಹಗಲು ಕೂಟದಲ್ಲಿ, ರಾತ್ರಿ ಹತ್ತಿರದ ಊರಿನ ಕೋಣೆಯಲ್ಲಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.

ಕರೆಂಟು, ನೀರು, ಒಲೆ

ಫ್ರಿಜ್ ತರುವುದಾದರೆ ಲೆಕ್ಕ ಹಾಕಿ ತನ್ನಿ. 40 ಲೀಟರಿನ 12 ವೋಲ್ಟ್ ಫ್ರಿಜ್ ಓಡುವಾಗ 45ರಿಂದ 60 ವ್ಯಾಟ್ ಎಳೆಯುತ್ತದೆ. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅರ್ಧ ಹೊತ್ತು ಓಡುತ್ತಲೇ ಇರುತ್ತದೆ, ಅಂದರೆ ದಿನಕ್ಕೆ 500ರಿಂದ 700 ವ್ಯಾಟ್-ಅವರ್. ಗಾಡಿಯ ಸ್ವಂತ ಬ್ಯಾಟರಿ 60-70 ಆಂಪಿಯರ್-ಅವರಿನದು, ಅರ್ಧ ಖಾಲಿಯಾದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಅನುಮಾನ. 100 ಆಂಪಿಯರ್-ಅವರಿನ ಲಿಥಿಯಂ ಬ್ಯಾಟರಿ ಸುಮಾರು ಎರಡು ದಿನಕ್ಕೆ ಬರುತ್ತದೆ. 100 ವ್ಯಾಟಿನ ಸೋಲಾರ್ ಫಲಕ ಈ ಬಿಸಿಲಿಗೆ ದಿನಕ್ಕೆ 400ರ ಹತ್ತಿರ ತುಂಬಿಸುತ್ತದೆ, ಸಂಡೂರಿನ ಧೂಳಿನಲ್ಲಿ ದಿನಕ್ಕೆರಡು ಸಲ ಒರೆಸಿದರೆ ಮಾತ್ರ. ಎರಡು ರಾತ್ರಿಯ ಕೂಟಕ್ಕೆ ಇಷ್ಟೆಲ್ಲ ಬೇಕೇ ಎಂದು ಕೇಳಿದರೆ, ಬೇಡ. ದಪ್ಪ ಗೋಡೆಯ ಐಸ್ ಬಾಕ್ಸ್, ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಇದ್ದರೆ ಫ್ರಿಜ್ಜಿನ ಅರ್ಧ ಕೆಲಸ ಮುಗಿಯಿತು. ಆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ.

ನೀರು ಒಬ್ಬರಿಗೆ ದಿನಕ್ಕೆ ಕುಡಿಯಲು 4-5 ಲೀಟರ್, ಅಡುಗೆ, ಪಾತ್ರೆ ಸೇರಿ 10. ನಾಲ್ವರಿಗೆ ಎರಡು ದಿನಕ್ಕೆ 20 ಲೀಟರಿನ ನಾಲ್ಕು ಕ್ಯಾನು. ಊರಿನ ಬೋರ್ ನೀರನ್ನು ಪಾತ್ರೆಗೆ ಬಳಸಿ, ಕುಡಿಯಲು ಬೇಡ. ಕೊಪ್ಪಳ, ರಾಯಚೂರಿನ ಹಲವು ಕಡೆ ಅದರಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನಷ್ಟು ಗಟ್ಟಿಯಾಗುತ್ತದೆ.

ಒಲೆಗೆ 5 ಕಿಲೊ ಸಿಲಿಂಡರ್ ಗುಂಪಿಗೆ ಸರಿ, ಇಬ್ಬರಿಗೆ 230 ಗ್ರಾಮಿನ ಬ್ಯುಟೇನ್ ಡಬ್ಬಿ. ಪೂರ್ತಿ ಉರಿಯಲ್ಲಿ ಒಂದು ಡಬ್ಬಿ ಒಂದೂವರೆ ತಾಸು. ಡಬ್ಬಿಯನ್ನು ಬಿಸಿಲಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಹೋಗಬೇಡಿ, ಸಿಡಿಯುತ್ತದೆ. ಕಟ್ಟಿಗೆ ಬೆಂಕಿಗೆ ಜಾಲಿ ಚೆನ್ನಾಗಿ ಉರಿಯುತ್ತದೆ, ಆದರೆ ಹಾಸುಬಂಡೆಯ ಮೇಲೆ ನೇರ ಹಚ್ಚಬೇಡಿ. ಕಾದ ಗ್ರಾನೈಟ್ ಪದರ ಸಿಡಿದು ಚೂರು ಕಣ್ಣಿಗೆ ಬೀಳುತ್ತದೆ, ಕಪ್ಪು ಕಲೆ ವರ್ಷಗಟ್ಟಲೆ ಹೋಗುವುದಿಲ್ಲ. ಕಾಲಿರುವ ತಗಡಿನ ತಟ್ಟೆ ಇಟ್ಟು ಹಚ್ಚಿ.

ಸುತ್ತಾಟದ ದಿನ

ಅಶೋಕನ ಶಾಸನಗಳು ಮೂರೂ ಜಿಲ್ಲೆಯಲ್ಲಿವೆ: ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು, ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳ. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲೇ ಅಶೋಕನ ಹೆಸರು ಮೊದಲ ಸಲ ಸ್ಪಷ್ಟವಾಗಿ ಕಂಡದ್ದು. ಗಾಡಿ ಓಡಿಸುವ ಹುರುಪಿನವರಿಗೆ ಇದೊಂದು ಒಳ್ಳೆಯ ದಾರಿ. ಹಿರೇಬೆಣಕಲ್‌ನ ಮೋರ್ಯರ ಗುಡ್ಡಕ್ಕೆ ಮಾತ್ರ ಗಾಡಿ ಮರೆತುಬಿಡಿ, ಆ ಶಿಲಾಸಮಾಧಿಗಳಿಗೆ ನಡೆದೇ ಹತ್ತಬೇಕು.

ಟೈರಿನ ಗಾಳಿ ಡಾಂಬರಿಗೆ 33 ಪಿಎಸ್‌ಐ ಇದ್ದರೆ ಕಲ್ಲುದಾರಿಗೆ 25-26, ನದಿಪಾತ್ರದ ಹಾಗಿನ ಸಡಿಲ ಮರಳಿಗೆ 18-20. ಆ 18ರಲ್ಲಿ ವೇಗ ಗಂಟೆಗೆ 30 ಕಿ.ಮೀ. ದಾಟದಿರಲಿ, ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚುತ್ತದೆ. ಗಾಳಿ ತುಂಬುವ ಕಂಪ್ರೆಸರನ್ನು ಕ್ಲಿಪ್ಪಿನಿಂದ ಬ್ಯಾಟರಿಗೇ ಕೊಡಿ, ಸಿಗರೇಟ್ ಸಾಕೆಟ್ಟಿಗೆ ಕೊಟ್ಟರೆ ಫ್ಯೂಸ್ ಹೋಗುತ್ತದೆ. ಜಾಲಿ ಮುಳ್ಳಿಗೆ ಪಂಕ್ಚರ್ ಸ್ಟ್ರಿಪ್ ಹತ್ತಾದರೂ ಇರಲಿ. ಟೈರಿನ ಪಕ್ಕೆಗೆ ಮುಳ್ಳು ಹೊಕ್ಕರೆ ಸ್ಟ್ರಿಪ್ ಹಿಡಿಯುವುದಿಲ್ಲ, ಸ್ಟೆಪ್ನಿಯೇ ಗತಿ. ಎಳೆಯಲು ರಬ್ಬರಿನಂತೆ ಹಿಗ್ಗುವ ಕೈನೆಟಿಕ್ ಹಗ್ಗವೋ, ಹಿಗ್ಗದ ಪಟ್ಟಿಯೋ? ಹೂತ ಗಾಡಿಗೆ ಹಗ್ಗ, ಕೆಟ್ಟ ಗಾಡಿಯನ್ನು ರಸ್ತೆಯಲ್ಲಿ ಎಳೆಯಲು ಪಟ್ಟಿ. ಯಾವುದನ್ನೂ ಗಾಡಿಯ ಹಿಂದೆ ಟ್ರೇಲರ್ ಕಟ್ಟಲು ಇರುವ ಕಬ್ಬಿಣದ ಉಂಡೆಗೆ ಸಿಕ್ಕಿಸಬೇಡಿ, ಅದು ಮುರಿದರೆ ಗುಂಡಿನಂತೆ ಹಾರುತ್ತದೆ. ಎಳೆಯುವಾಗ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರದೊಳಗೆ ಯಾರೂ ನಿಲ್ಲಬಾರದು. ಕಾನ್ವಾಯಿನ ವಾಕಿಟಾಕಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯದ್ದಿದ್ದರೆ ಲೈಸೆನ್ಸ್ ಬೇಡ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 5 ವ್ಯಾಟಿನವಕ್ಕೆ ಬೇಕು.

ಹೊರಡುವ ಬೆಳಿಗ್ಗೆ ಗೂಟಗಳನ್ನು ಎಣಿಸಿ ಕಿತ್ತುಕೊಳ್ಳಿ. ತಂದದ್ದು 14 ಆಗಿದ್ದರೆ 14 ಗಾಡಿಗೆ ಹತ್ತಬೇಕು. ಕಣದಂಚಿನಲ್ಲಿ ಉಳಿದ ಒಂದು ಸರಳು ಮುಂದಿನ ಹಂಗಾಮಿನಲ್ಲಿ ಆ ರೈತರ ಟ್ರ್ಯಾಕ್ಟರ್ ಟೈರಿಗೆ ಸಿಗುತ್ತದೆ, ಆಮೇಲೆ ಆ ಊರಿನಲ್ಲಿ ಯಾವ ಕೂಟಕ್ಕೂ ಕಣ ಸಿಗುವುದಿಲ್ಲ.